ಮೈದಾನದ ಎರಡನೇ ಸುತ್ತಿಗೇ ಏದುಸಿರು: 41ರಲ್ಲಿ ಓಟ ಶುರು ಮಾಡೋದು ಹೇಗೆ?

ಬೆಣ್ಣೆದೋಸೆ41

ಎಲ್ಲರಿಗೂ ನಮಸ್ಕಾರ. ವಯಸ್ಸು 41, ತೂಕ 84 ಕೆ.ಜಿ., ಎತ್ತರ ಐದಡಿ ಏಳಿಂಚು. ದಿನವಿಡೀ ಕುರ್ಚಿ ಮೇಲೆ ಕೂರುವ ಕೆಲಸ. ಬಿ.ಪಿ.ಗೆ ಟೆಲ್ಮಿಸಾರ್ಟನ್ 40 ದಿನಕ್ಕೊಂದು ಮಾತ್ರೆ, ಶುಗರ್ ಇಲ್ಲ. ಊರು ದಾವಣಗೆರೆ. ಮನೆ ಹತ್ತಿರ 400 ಮೀಟರಿನ ಮಣ್ಣಿನ ಟ್ರ್ಯಾಕ್ ಇದೆ.

ಮೊದಲ ಸುತ್ತು ಎರಡು ನಿಮಿಷದಲ್ಲಿ ಆಗುತ್ತೆ. ಎರಡನೇ ಸುತ್ತಿನ ಅರ್ಧಕ್ಕೇ ಏದುಸಿರು, ಪಕ್ಕೆ ಹಿಡಿಯುತ್ತೆ. ಮಾರನೇ ದಿನ ಮೊಣಕಾಲಿನ ಕೆಳಗೆ, ಎಲುಬಿನ ಒಳಪಕ್ಕದಲ್ಲಿ ನೋವು. ದಿನಾ ಓಡಿದರೆ ಸ್ಟ್ಯಾಮಿನಾ ತಾನಾಗೇ ಬರುತ್ತಾ? ಖಾಲಿ ಹೊಟ್ಟೆಯಲ್ಲಿ ಓಡಬಹುದಾ? ಶೂ ಎಂಥದ್ದು ತಗೋಬೇಕು? ಬೆಂಗಳೂರಿನ ವರ್ಲ್ಡ್ 10ಕೆಯಲ್ಲಿ (10 ಕಿ.ಮೀ. ಓಟದ ಸ್ಪರ್ಧೆ) ಓಡೋ ಆಸೆ ಇದೆ, ಎಷ್ಟು ತಿಂಗಳು ಬೇಕಾಗಬಹುದು?

ನಿಧಾನವೇ_ಪ್ರಧಾನ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಸರ್: 400 ಮೀಟರಿಗೆ ಎರಡು ನಿಮಿಷ. ಅಂದರೆ ಗಂಟೆಗೆ 12 ಕಿ.ಮೀ., ಒಂದು ಕಿಲೋಮೀಟರಿಗೆ ಐದೇ ನಿಮಿಷ. ವರ್ಷಗಟ್ಟಲೆ ಓಡಿದವರಲ್ಲೂ ಎಷ್ಟೋ ಜನ ಈ ವೇಗದಲ್ಲಿ 5 ಕಿ.ಮೀ. ಎಳೆಯಲಾರರು. ಸ್ಟ್ಯಾಮಿನಾ ಮಾತು ಆಮೇಲೆ. ನೀವು ಸದ್ಯ ಮಾಡ್ತಿರೋದು ಜಾಗಿಂಗ್ ಅಲ್ಲ, ರೇಸು.

ನಿಮ್ಮ ಈಗಿನ ವೇಗ ಒಂದು ಸುತ್ತಿಗೆ ಮೂರೂವರೆ ನಿಮಿಷದ ಆಸುಪಾಸಿನಲ್ಲಿರಬೇಕು. ಪಕ್ಕದಲ್ಲಿ ಬಿರುಸಾಗಿ ನಡೆಯೋ ಅಜ್ಜ ನಿಮ್ಮನ್ನ ಹಿಂದೆ ಹಾಕುವಂತಿದ್ದರೂ ಪರವಾಗಿಲ್ಲ. ವಾಚಿಲ್ಲದೆ ನೋಡೋಕೆ ಸುಲಭ ದಾರಿ: ಓಡ್ತಾ ಓಡ್ತಾ ಹದಿಮೂರರ ಮಗ್ಗಿ ಬಾಯ್ಬಿಟ್ಟು ಹೇಳಿ. ಒಂದು ಸಾಲು ಒಂದೇ ಉಸಿರಿನಲ್ಲಿ ಬಂದರೆ ವೇಗ ಸರಿ. "ಹದಿಮೂರ್ ನಾಕ್ಲ" ಅಂದು ಮಧ್ಯೆ ಗಾಳಿ ಎಳೆದುಕೊಂಡರೆ ಜಾಸ್ತಿಯಾಯ್ತು. (ಮಗ್ಗಿಯೇ ಮರೆತಿದ್ದರೆ ಅದು ಬೇರೆ ತೊಂದರೆ.)

ಶುರು ಮಾಡೋಕೆ ಓಟ-ನಡಿಗೆ ಸೇರಿಸಿದ ಕ್ರಮವೇ ಒಳ್ಳೆಯದು. ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ಮಾಡಿದ "ಕೌಚ್ ಟು 5ಕೆ" (ಸೋಫಾದಿಂದೆದ್ದು 5 ಕಿ.ಮೀ. ಓಟದವರೆಗೆ) ಅನ್ನೋ ಒಂಬತ್ತು ವಾರದ ಯೋಜನೆ ಇದೆ, ಫೋನಿಗೆ ಉಚಿತ ಆ್ಯಪ್‌ಗಳೂ ಸಿಗ್ತವೆ. ವಾರಕ್ಕೆ ಮೂರೇ ದಿನ, ಎರಡು ಓಟದ ನಡುವೆ ಒಂದು ದಿನ ಖಾಲಿ. ಸೋಮ, ಬುಧ, ಶನಿ ಅಂತಿಟ್ಟುಕೊಳ್ಳಿ.

ಮೊದಲ ವಾರ: 5 ನಿಮಿಷ ಚುರುಕು ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಎಂಟು ಸಲ. ಕೊನೆಗೆ ಮತ್ತೆ 5 ನಿಮಿಷ ನಡೆದು ಮುಗಿಸಿ. ಒಟ್ಟು ಅರ್ಧ ಗಂಟೆ.
ಎರಡನೇ ವಾರ: 90 ಸೆಕೆಂಡ್ ಓಟ, 2 ನಿಮಿಷ ನಡಿಗೆ, 20 ನಿಮಿಷದ ತನಕ.
ಮೂರನೇ ವಾರ: 90 ಸೆಕೆಂಡ್ ಓಟ, ಅಷ್ಟೇ ನಡಿಗೆ, 3 ನಿಮಿಷ ಓಟ, 3 ನಿಮಿಷ ನಡಿಗೆ. ಇದನ್ನೇ ಎರಡು ಸಲ.
ನಾಲ್ಕನೇ ವಾರದಲ್ಲಿ 5 ನಿಮಿಷದ ತುಂಡುಗಳು ಬರ್ತವೆ.

ಬಹಳ ಜನ ಬಿಟ್ಟುಬಿಡೋದು ಐದನೇ ವಾರದಲ್ಲಿ. ಅದರ ಮೂರನೇ ದಿನ ನಡಿಗೆಯೇ ಇಲ್ಲದೆ 20 ನಿಮಿಷ ಓಡು ಅನ್ನುತ್ತೆ, ಹಿಂದಿನ ಸಲದ ಅತಿ ಉದ್ದದ ತುಂಡು ಬರೀ 8 ನಿಮಿಷ. ನನ್ನ ಕೇಳಿದರೆ 84 ಕೆ.ಜಿ. ಇರುವವರಿಗೆ ಈ ಜಿಗಿತ ಸ್ವಲ್ಪ ಹೆಚ್ಚೇ. ನಡುವೆ ಒಂದು ವಾರ ಸೇರಿಸಿ 10 ನಿಮಿಷ ಓಟ, 2 ನಿಮಿಷ ನಡಿಗೆ, 10 ನಿಮಿಷ ಓಟ ಮಾಡ್ಕೊಳ್ಳಿ. ಒಂಬತ್ತು ವಾರದ್ದು ಹದಿಮೂರಾದರೆ ಯಾರೂ ದಂಡ ಹಾಕಲ್ಲ.

ದಿನಾ ಯಾಕೆ ಬೇಡ? ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಪಳಗುತ್ತವೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತೆ. ಹಾಗಾಗಿ ಮೂರನೇ-ನಾಲ್ಕನೇ ವಾರದಲ್ಲಿ ಉಸಿರು "ಇನ್ನೂ ಓಡು" ಅನ್ನುತ್ತೆ, ಕಾಲು ಇನ್ನೂ ತಯಾರಾಗಿರಲ್ಲ. ಹೊಸಬರು ಪೆಟ್ಟು ಮಾಡಿಕೊಳ್ಳೋದು ಸುಸ್ತಾದಾಗ ಅಲ್ಲ, ಹೀಗೆ ಹುಮ್ಮಸ್ಸು ಬಂದಾಗ.

ಬಿ.ಪಿ. ವಿಷಯ: ಶುರು ಮಾಡೋ ಮುಂಚೆ ನಿಮ್ಮ ಡಾಕ್ಟರಿಗೆ ಹೇಳಿ. ಇಸಿಜಿ, ಬೇಕೆನಿಸಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹೃದಯದ ಪರೀಕ್ಷೆ) ಮಾಡಿಸ್ತಾರೆ. ಟೆಲ್ಮಿಸಾರ್ಟನ್ ನಾಡಿಬಡಿತವನ್ನ ಅಷ್ಟಾಗಿ ಇಳಿಸಲ್ಲ, ಆದ್ದರಿಂದ ವಾಚಿನ ಲೆಕ್ಕ ನಂಬಬಹುದು. ಆದರೆ ಸೆಕೆಯಲ್ಲಿ ಬೆವರು ಸುರಿದು ನೀರು ಕಡಿಮೆಯಾದರೆ ಬಿ.ಪಿ. ಇಳಿದು ತಲೆ ಸುತ್ತಬಹುದು. ಓಟ ಮುಗಿದ ತಕ್ಷಣ ಗಕ್ಕನೆ ನಿಲ್ಲಬೇಡಿ, ಕೊನೆಯ 5 ನಿಮಿಷದ ನಡಿಗೆ ಇರೋದು ಅದಕ್ಕೇ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳೋರು ಇದನ್ನ ಓದ್ತಿದ್ದರೆ: ಆ ಮಾತ್ರೆ ಬಡಿತವನ್ನ ತಗ್ಗಿಸುತ್ತೆ, ವಾಚು "ಹಗುರ ಓಟ" ಅಂದರೂ ನಂಬಬೇಡಿ, ಮಗ್ಗಿಯನ್ನೇ ನಂಬಿ. ಎದೆ ಹಿಂಡಿದ ಹಾಗೆ, ದವಡೆಗೋ ಎಡಗೈಗೋ ನೋವು ಹರಿದ ಹಾಗೆ, ಕಣ್ಣು ಕತ್ತಲೆ ಬಂದ ಹಾಗೆ ಆದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಅಂತ ಮನೆಗೆ ಬಂದು ಜೀರಿಗೆ ಕಷಾಯ ಕುಡಿಯೋ ಹೊತ್ತಲ್ಲ ಅದು.

ಅರ್ಧ ಗಂಟೆಗೆ ಖಾಲಿ ಹೊಟ್ಟೆ ನಡೆಯುತ್ತೆ, ಎದ್ದ ಮೇಲೆ ಒಂದು ಲೋಟ ನೀರು ಕುಡಿದಿರಿ. ಹಸಿವಾದರೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು. ಪಕ್ಕೆ ಹಿಡಿಯೋದಕ್ಕೆ ಸಾಮಾನ್ಯವಾಗಿ ಹೊಟ್ಟೆ ತುಂಬಿರೋದು, ಇಲ್ಲ ಮೇಲುಸಿರು ಕಾರಣ. ಹಿಡಿದಾಗ ನಡೆಯಿರಿ, ನೋವಿರೋ ಜಾಗ ಬೆರಳಿನಿಂದ ಒತ್ತಿ ಹಿಡಿದು ಬಾಯಿಂದ ನಿಧಾನವಾಗಿ ಪೂರ್ತಿ ಉಸಿರು ಬಿಡಿ. ವೇಗ ಇಳಿಸಿದರೆ ಅರ್ಧಕ್ಕರ್ಧ ಬರೋದೇ ಇಲ್ಲ.

10ಕೆ: 30 ನಿಮಿಷ ಎಡೆಬಿಡದೆ ಓಡೋ ದಿನ ನೀವು ಮುಟ್ಟೋದು 5 ಕಿ.ಮೀ. ಅಲ್ಲ, ಮೂರೂವರೆ. ಬೇಸರ ಬೇಡ. ಅಲ್ಲಿಂದ ವಾರಕ್ಕೊಂದು ಉದ್ದದ ಓಟ ಇಟ್ಟುಕೊಂಡು ಅದಕ್ಕೆ ಮಾತ್ರ ಪ್ರತಿ ವಾರ ಅರ್ಧದಿಂದ ಒಂದು ಕಿ.ಮೀ. ಸೇರಿಸಿ, ನಾಲ್ಕು ವಾರಕ್ಕೊಮ್ಮೆ ಇಳಿಸಿ. ಒಟ್ಟು ಆರು ತಿಂಗಳು ಅಂದುಕೊಳ್ಳಿ. ವರ್ಲ್ಡ್ 10ಕೆ 2008ರಿಂದ ನಡೆಯುತ್ತಿದೆ, ಹೆಚ್ಚಾಗಿ ಏಪ್ರಿಲ್-ಮೇ ಹೊತ್ತಿಗೆ. ಅಂದರೆ ತಡವೆಂದರೆ ಅಕ್ಟೋಬರಿನಲ್ಲೇ ಶುರುವಾಗಿರಬೇಕು.

ಮೀನಖಂಡ

ಮೇಲಿನವರು ಕಾಲುನೋವಿನ ಪ್ರಶ್ನೆ ಬಿಟ್ಟಿದ್ದಾರೆ, ನಾನು ಫಿಸಿಯೋ, ಅದನ್ನ ಹೇಳ್ತೀನಿ.

ನಿಮ್ಮದು ಶಿನ್ ಸ್ಪ್ಲಿಂಟ್ (ಓಟದ ಹೊರೆ ಜಾಸ್ತಿಯಾಗಿ ಮೊಣಕಾಲ ಕೆಳಗಿನ ಎಲುಬಿನ ಅಂಚಿಗೆ ಬರೋ ನೋವು) ಇರಬಹುದು. ಆದರೆ ಅದೇ ಜಾಗದಲ್ಲಿ ಎಲುಬಿನ ಕೂದಲೆಳೆ ಬಿರುಕೂ ಆಗುತ್ತೆ, ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಕುರ್ಚಿ ಮೇಲೆ ಕೂತು ಎಲುಬಿನ ಒಳ ಅಂಚನ್ನ ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಗಲ ಅಥವಾ ಹೆಚ್ಚು ಉದ್ದಕ್ಕೂ ಮಂದವಾಗಿ ನೋಯುತ್ತೆ, ಓಡಲು ಶುರು ಮಾಡಿದಾಗ ಇದ್ದು ಮೈ ಬಿಸಿಯಾದ ಮೇಲೆ ತಗ್ಗುತ್ತೆ ಅಂದರೆ ಶಿನ್ ಸ್ಪ್ಲಿಂಟ್ ಕಡೆಗೆ. ಒಂದೇ ಚುಕ್ಕಿಯಲ್ಲಿ "ಅಮ್ಮಾ" ಅನ್ನುವಷ್ಟು ನೋವು, ಓಡಿದಷ್ಟೂ ಜಾಸ್ತಿ, ರಾತ್ರಿ ಮಲಗಿದರೂ ಇರುತ್ತೆ, ಒಂಟಿಕಾಲಲ್ಲಿ ಕುಪ್ಪಳಿಸಲಾಗಲ್ಲ ಅಂದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂತ ಮತ್ತೆ ಓಡಲು ಹೋಗಬೇಡಿ. ಅನುಮಾನ ಉಳಿದರೆ ಎಂಆರ್‌ಐ.

ಶಿನ್ ಸ್ಪ್ಲಿಂಟೇ ಆಗಿದ್ದರೆ ಓಟವನ್ನ ಎರಡು ವಾರ ಬರೀ ನಡಿಗೆಗೆ ಇಳಿಸಿ, ಜೊತೆಗೆ ಮೀನಖಂಡ ಗಟ್ಟಿ ಮಾಡಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಂತು, ಗೋಡೆ ಹಿಡಿದು, ಹಿಮ್ಮಡಿ ಮೇಲೆತ್ತಿ: ಎರಡು ಎಣಿಸುತ್ತಾ ಮೇಲೆ, ಮೂರು ಎಣಿಸುತ್ತಾ ಕೆಳಗೆ. ಮೊಣಕಾಲು ನೆಟ್ಟಗಿಟ್ಟು 12 ಸಲ, ಸ್ವಲ್ಪ ಮಡಿಸಿ 12 ಸಲ, ಇಂಥ ಮೂರು ಸುತ್ತು. ಮಡಿಸಿ ಮಾಡೋದನ್ನ ಬಿಡಬೇಡಿ, ಓಟದಲ್ಲಿ ಹೆಚ್ಚು ಹೊರೆ ಹೊರುವ ಒಳಗಿನ ಸ್ನಾಯುವಿಗೆ ಕೆಲಸ ಬೀಳೋದು ಆಗಲೇ. ಆಮೇಲೆ ಗೋಡೆಗೆ ಬೆನ್ನು ಒರಗಿಸಿ, ಪಾದ ಒಂದಡಿ ಮುಂದಿಟ್ಟು, ಹಿಮ್ಮಡಿ ಊರಿದ ಹಾಗೇ ಬೆರಳ ಕಡೆ ಮೇಲೆತ್ತೋದು 15 ಸಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು 10 ಸಲ. ವಾರಕ್ಕೆ ಎರಡು-ಮೂರು ದಿನ ಸಾಕು.

ಇನ್ನೊಂದು, ಹೆಜ್ಜೆ ಚಿಕ್ಕದು ಮಾಡಿ. ಕಾಲು ಮುಂದೆ ಚಾಚಿ ಹಿಮ್ಮಡಿಯಲ್ಲಿ ಧಪ್ ಅಂತ ಬಿದ್ದರೆ ಏಟೆಲ್ಲ ಆ ಎಲುಬಿಗೇ. ನಿಮಿಷಕ್ಕೆ 180 ಹೆಜ್ಜೆ ಆಗಲೇಬೇಕು ಅಂತ ವಿಡಿಯೋಗಳಲ್ಲಿ ಹೇಳ್ತಾರೆ, ನಿಧಾನ ಓಟಕ್ಕೆ ಆ ಹಟ ಬೇಡ. ಈಗ ಎಷ್ಟಿದೆ ಎಣಿಸಿ, ಅದಕ್ಕೆ ನೂರಕ್ಕೆ ಐದರಷ್ಟು ಸೇರಿಸಿದರೆ ಸಾಕು. ಓಟಕ್ಕೆ ಮುಂಚೆ ಕಾಲು ಎಳೆದು ಹಿಡಿದು ನಿಲ್ಲೋ ಸ್ಟ್ರೆಚಿಂಗ್ ಬದಲು ಕಾಲು ಬೀಸೋದು, ಮೊಣಕಾಲು ಎತ್ತಿ ನಡೆಯೋದು ಮಾಡಿ.

ಕಲಘಟಗಿ_ಎಕ್ಸ್‌ಪ್ರೆಸ್

ಶೂ ಬಗ್ಗೆ ಯಾರೂ ಹೇಳಿಲ್ಲಲ್ರಿ, ನಾ ಹೇಳ್ತೀನಿ. ಸಂಜೀಮುಂದ ಅಂಗಡಿಗೆ ಹೋಗ್ರಿ, ಹಗಲೆಲ್ಲಾ ಅಡ್ಡಾಡಿ ಪಾದ ಸ್ವಲ್ಪ ಉಬ್ಬಿರ್ತಾವು, ಅದ ಅಳತಿ ಖರೇ ಅಳತಿ. ಓಡಾಕ ಹಾಕ್ಕೊಳ್ಳೋ ಸಾಕ್ಸ್ ಹಾಕ್ಕೊಂಡ ನೋಡ್ರಿ. ನಿಂತಾಗ ಉದ್ದನ ಬೆರಳಿನ ಮುಂದ ಹೆಬ್ಬೆರಳಷ್ಟು ಅಗಲ ಜಾಗಾ ಇರಬೇಕು. ಇಲ್ಲಂದ್ರ ಉಗುರು ಕರ್ರಗಾಗ್ತಾವು. ಶೂ ಹಿಡದು ಬಗ್ಗಿಸಿದ್ರ ಬೆರಳ ಬುಡದಾಗ ಮಡಚಬೇಕು, ನಟ್ಟ ನಡುವ ಮಡಚಿದ್ರ ಅದು ಓಟದ ಶೂ ಅಲ್ಲ. ಫಸ್ಟ್ ಕಾಪಿ ಶೂ ಒಟ್ಟ ಬ್ಯಾಡ್ರಿ, ಮ್ಯಾಲಿನ ಅಂದಾ ಅಷ್ಟ, ಒಳಗಿನ ಫೋಮ್ ಹಲಿಗಿ ಇದ್ದಂಗ ಇರ್ತದ. ಹಂಗಂತ ಹತ್ತಿಪ್ಪತ್ತು ಸಾವಿರದ್ದು ಕಾರ್ಬನ್ ಪ್ಲೇಟಿಂದೂ ನಿಮಗ ಬೇಕಾಗಿಲ್ಲ. ಮೂರು ಸಾವಿರದ ಆಜೂಬಾಜೂ ಇರೋ ಸಾದಾ ರನ್ನಿಂಗ್ ಶೂ ನಡೀತದ. 500ರಿಂದ 800 ಕಿ.ಮೀ. ಬಾಳಿಕಿ ಬರ್ತದ, ಪ್ಯಾಟಿಗೆ ಹೋಗಾಕ ಅದನ್ನ ಹಾಕ್ಕೋಬ್ಯಾಡ್ರಿ.

ಹತ್ತಿ ಸಾಕ್ಸ್, ಹತ್ತಿ ಬನಿಯನ್ ಬೆವರು ಹೀರಿ ಹಂಗ ಇಟ್ಕೊಂತಾವು, ಅದರಿಂದನ ಬೊಬ್ಬಿ. ಪಾಲಿಯೆಸ್ಟರ್ ಸಾಕ್ಸ್ ತಗೋರಿ. ತೊಡಿ ಉಜ್ಜಿ ಕೆಂಪಾಗೋರು ಓಡೂ ಮುಂಚೆ ವ್ಯಾಸಲಿನ್ ಹಚ್ಚರಿ.

ಬೆಣ್ಣೆದೋಸೆ41

ಎಲ್ಲರಿಗೂ ಧನ್ಯವಾದ. ಒತ್ತಿ ನೋಡಿದೆ, ಉದ್ದಕ್ಕೂ ಮಂದ ನೋವು, ಚುಕ್ಕಿ ಇಲ್ಲ. ಎರಡು ವಾರ ನಡಿಗೆ ಅಂತ ತೀರ್ಮಾನಿಸಿದೆ. ಮತ್ತೆರಡು ಪ್ರಶ್ನೆ. ನನ್ನ ಹೆಂಡತಿಯೂ ಬರ್ತೀನಿ ಅಂತಿದ್ದಾಳೆ, 37 ವರ್ಷ, ಹೋದ ತಿಂಗಳ ಟೆಸ್ಟಲ್ಲಿ ಹಿಮೋಗ್ಲೋಬಿನ್ 10.2 ಇತ್ತು, ಇದೇ ಕ್ರಮ ಅವಳಿಗೂ ಆಗುತ್ತಾ? ಮತ್ತೆ, ಟ್ರ್ಯಾಕಿಗೆ ಹೋಗೋ ದಾರಿಯಲ್ಲಿ ನಾಯಿಗಳ ಕಾಟ.

ಕೆರೆ_ಏರಿ

ನಿಮ್ಮ ಮನೆಯವರು ಮೊದಲು ಡಾಕ್ಟರನ್ನ ಕಾಣಲಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ (ಗರ್ಭಿಣಿಯರಿಗೆ 11). 10.2ರಲ್ಲಿ ಓಡಿದರೆ ಉಸಿರು ಬೇಗ ಕಟ್ಟುತ್ತೆ, ಎದೆ ಡವಗುಟ್ಟುತ್ತೆ, "ನನ್ನ ಕೈಲಿ ಆಗಲ್ಲ" ಅಂತ ಬಿಟ್ಟುಬಿಡ್ತಾರೆ. ತಪ್ಪು ಅವರ ಹುರುಪಿನದಲ್ಲ, ರಕ್ತದ್ದು. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ-ಟೀ ಜೊತೆ ನುಂಗೋದು ಬೇಡ, ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಬೇರೆ ಹೊತ್ತಿಗೆ. ಅಲ್ಲಿವರೆಗೆ ಡಾಕ್ಟರ್ ಬೇಡ ಅನ್ನದಿದ್ದರೆ ಆರಾಮದ ನಡಿಗೆ ಇರಲಿ. ಓಟ ಶುರುವಾದ ಮೇಲೆ ಶೂಗಿಂತ ಮೊದಲು ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಕೆಳಗಿನ ಪಟ್ಟಿ ಬಿಗಿಯಾಗಿರಬೇಕು, ಅದರೊಳಗೆ ಎರಡು ಬೆರಳು ಮಾತ್ರ ಹೋಗಬೇಕು. ಭಾರ ಹೊರೋದು ಆ ಪಟ್ಟಿ, ಭುಜದ ಪಟ್ಟಿಯಲ್ಲ.

ಇಬ್ಬರೂ ಒಟ್ಟಿಗೆ ಹೋಗಿ, ಆದರೆ ಒಬ್ಬರ ವೇಗಕ್ಕೆ ಇನ್ನೊಬ್ಬರು ಓಡಬೇಡಿ. ಟ್ರ್ಯಾಕಿನಲ್ಲಿ ಒಳ ಲೇನ್ ವೇಗದ ಹುಡುಗರಿಗೆ ಬಿಟ್ಟು ಹೊರಗಿನದರಲ್ಲಿರಿ. ಬೇಸಿಗೆ ಬರ್ತಿದೆ, ಸೆಕೆಗೆ ಮೈ ಒಗ್ಗಲು ಹತ್ತು-ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಅದೇ ವೇಗಕ್ಕೆ ಬಡಿತ ಹೆಚ್ಚಿರುತ್ತೆ, ಇನ್ನೂ ನಿಧಾನ ಮಾಡಿ. ಬೆಳಗ್ಗೆ ಆರು ಗಂಟೆಗೇ ಮುಗಿಯುವ ಹಾಗೆ ಹೊರಡಿ.

ನಿಧಾನವೇ_ಪ್ರಧಾನ

ನಾಯಿ: ಓಡಿದರೆ ಅಟ್ಟಿಸಿಕೊಂಡು ಬರುತ್ತೆ, ನಡೆದರೆ ಹೆಚ್ಚಿನವು ಸುಮ್ಮನಾಗ್ತವೆ. ಅವುಗಳ ಬೀದಿಗೆ 20-30 ಮೀಟರ್ ಇರುವಾಗಲೇ ನಡಿಗೆಗೆ ಇಳಿಯಿರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬೆನ್ನು ತಿರುಗಿಸಬೇಡಿ. ಹತ್ತಿರ ಬಂದು ಬೊಗಳಿದರೆ ನಿಂತುಬಿಡಿ, ಬಗ್ಗಿ ಕಲ್ಲು ಎತ್ತಿದ ಹಾಗೆ ಮಾಡಿದರೆ ಬಹುತೇಕ ಹಿಂದೆ ಸರಿಯುತ್ತವೆ. ಕಚ್ಚಿದರೆ, ಪರಚಿ ರಕ್ತ ಬಂದರೂ ಸರಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರು ಮಾಡಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ. ರಕ್ತ ಬಂದ ಗಾಯಕ್ಕೆ ಲಸಿಕೆ ಜೊತೆ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ತಡೆಯೋ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತೆ, ಕೇಳಿ ಹಾಕಿಸಿಕೊಳ್ಳಿ.

ಬೆಳಕು ಹರಿಯೋ ಮುಂಚೆ ರಸ್ತೆ ಮೇಲಿದ್ದರೆ ಬಲಗಡೆ ಅಂಚಿನಲ್ಲಿರಿ, ಎದುರಿಗೆ ಬರೋ ಗಾಡಿ ಕಾಣಬೇಕು. ಎರಡೂ ಕಿವಿಗೆ ಇಯರ್‌ಫೋನ್ ಬೇಡ.