ಹಳೇ ಬುಲೆಟ್ 350: ವಾರ ನಿಲ್ಲಿಸಿದ್ರೆ ಕೆಳಗೆಲ್ಲ ಆಯಿಲ್

ಪ್ರಶ್ನೆ (ಬಳ್ಳಾರಿ)

ಕಾಸ್ಟ್ ಐರನ್ ಇಂಜಿನ್ ಬುಲೆಟ್ 350 ರೆಸ್ಟೋರ್ ನಡದೈತೆ. ಗ್ಯಾಸ್ಕೆಟ್ ಸೆಟ್ ಪೂರಾ ಹೊಸದು. ಆದ್ರೂ ವಾರ ನಿಲ್ಲಿಸಿದ್ರೆ ಇಂಜಿನ್ ಕೆಳಗೆ ಆಯಿಲ್ ಹರಿದಿರ್ತೈತೆ. ಡಿಪ್‌ಸ್ಟಿಕ್ ನೋಡಿದ್ರೆ ಲೆವೆಲ್ ಕಮ್ಮಿ. ತುಂಬಿಸಿ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರ್‌ನಿಂದ ನೀಲಿ ಹೊಗೆ, ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಪೈಪ್) ಆಯಿಲ್ ಉಗುಳ್ತೈತೆ. ಸ್ವಲ್ಪ ಹೊತ್ತಿಗೆ ಹೊಗೆ ತಾನಾಗಿ ನಿಲ್ತೈತೆ. ಬೋರ್ ಮಾಡಿಸ್ಬೇಕು (ಸವೆದ ಸಿಲಿಂಡರ್ ಕೊರೆಸ್ಬೇಕು) ಅಂತಾರೆ ಮೆಕ್ಯಾನಿಕ್. ಹೌದೇನ್ರಿ?

ಉತ್ತರ (ಕೊಪ್ಪಳ)

ಬೋರಿಗೆ ಕೈ ಹಚ್ಚಬ್ಯಾಡ್ರಿ ಅಣ್ಣಾ. ರಿಂಗ್, ಬೋರ್ ಸವದಿದ್ರ ಓಡಿಸಿದಷ್ಟೂ ಹೊಗೆ ಬರ್ತೈತಿ, ನಿಮ್ಮದು ನಿಲ್ಲತೈತಿ. ಇದು ವೆಟ್ ಸಂಪಿಂಗ್. ಈ ಇಂಜಿನ್ನಾಗ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನ ಎರಕದಾಗ ಇದ್ರೂ ಕ್ರ್ಯಾಂಕ್ ತಿರುಗೋ ಜಾಗ (ಸಂಪ್) ಬ್ಯಾರೆ. ಗಾಡಿ ನಿಂತಾಗ ಆಯಿಲ್ ಸವದ ಪಂಪ್ ದಾಟಿ ಅಲ್ಲಿಗೆ ಇಳೀತೈತಿ. ಡಿಪ್‌ಸ್ಟಿಕ್ ಕಮ್ಮಿ ತೋರಸ್ತೈತಿ, ಆಯಿಲ್ ಮಾತ್ರ ಒಳಗ ಐತಿ. ಅದರ ಮ್ಯಾಲೆ ಮತ್ತ ಸುರದ್ರ ಹೆಚ್ಚಾದದ್ದು ಬ್ರೀದರ್‌ನಿಂದ ಹೊರಗ ಬೀಳತೈತಿ, ಒಂದಿಷ್ಟು ಸುಟ್ಟು ನೀಲಿ ಹೊಗೆ ಆಗತೈತಿ; ಪಂಪ್ ಅದನ್ನ ಟ್ಯಾಂಕಿಗೆ ವಾಪಸ್ ಎಳದ ಮ್ಯಾಲೆ ಹೊಗೆ ನಿಲ್ಲತೈತಿ.

ಖಾತ್ರಿ ಆಗ್ಬೇಕಂದ್ರ, ವಾರ ನಿಂತ ಗಾಡೀನ ಸ್ಟಾರ್ಟ್ ಮಾಡೂಕಿಂತ ಮೊದ್ಲ ಸಂಪ್ ಪ್ಲಗ್ ಬಿಚ್ಚಿ ಅಳತಿ ಪಾತ್ರೆಗೆ ಇಳಸ್ರಿ. ಅರ್ಧ ಲೀಟರ್ ಬಂತಂದ್ರ ಅನುಮಾನ ಬ್ಯಾಡ. ಮುಂದ ಲೆವೆಲ್ ನೋಡೂದು 10 ನಿಮಿಷ ಓಡಿಸಿ ನಿಲ್ಲಿಸಿದ ಮ್ಯಾಲೇನ.

ರಿಪೇರಿ ಅಂದ್ರ ಟೈಮಿಂಗ್ ಕವರಿನ ಪಂಪ್ ಡಿಸ್ಕ್ ಬಿಚ್ಚಿ, ಫೈನ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಮುಖ ಪೂರಾ ಒಂದೇ ಬೂದು ಬಣ್ಣ ಆಗೋತನಕ ಸೀಟಿನ ಮ್ಯಾಲೆ ತಿಕ್ಕೂದು. ಪೇಸ್ಟ್ ಒಂದು ಚೂರೂ ಉಳೀಬಾರದು, ಉಳಿದ್ರ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡೂ ಬೇರಿಂಗ್) ಹೋಗತೈತಿ. ಪೆಟ್ರೋಲಿನಾಗ ತೊಳದು ಆಯಿಲ್ ತೂತಿಗೆಲ್ಲ ಗಾಳಿ ಹೊಡೀರಿ. ಜೋಡಿಸಿ ಸ್ಟಾರ್ಟ್ ಮಾಡಿದಾಗ ರಾಕರ್ ಪೈಪಿನ (ಇಂಜಿನ್ ತಲೆಗೆ ಆಯಿಲ್ ಒಯ್ಯೂ ಪೈಪ್) ಬ್ಯಾಂಜೊ ಬೋಲ್ಟ್ (ಒಳಗ ತೂತಿದ್ದು ಆಯಿಲ್ ಹಾಯೂ ಬೋಲ್ಟ್) ಚೂರು ಸಡಿಲ ಮಾಡಿ ಆಯಿಲ್ ಜಿನಗತೈತೇನು ನೋಡ್ರಿ. ಬರಲಿಲ್ಲಂದ್ರ ಆಗಿಂದಾಗ ಬಂದ್ ಮಾಡ್ರಿ.

ಉತ್ತರ (ರಾಯಚೂರು)

ಪಂಪ್ ಮಾತು ಖರೇ ಅದ. ಆದ್ರ ಹೊರಗಿನ ಸೋರಿಕಿನೂ ಹುಡುಕ್ರಿ. ಸಂಡೂರು ರಸ್ತೆದಾಗ ಓಡಿದ ಗಾಡಿ ಇದ್ರ ಅದಿರಿನ ಕೆಂಪು ಧೂಳು ಆಯಿಲಿಗೆ ಮೆತ್ತಿ ಸೋರೂ ಜಾಗನ ಮುಚ್ಚಿರ್ತದ. ಸೀಮೆಎಣ್ಣೆ, ಬ್ರಶ್ ಹಿಡದು ತೊಳೀರಿ, ಒಣಗಿಸ್ರಿ, ಟಾಲ್ಕಮ್ ಪೌಡರ್ ಉದುರಿಸಿ 10 ಕಿಮೀ ಓಡಸ್ರಿ. ಪೌಡರ್ ಒದ್ದಿ ಆದ ಜಾಗದಾಗ ಎಲ್ಲಕ್ಕಿಂತ ಮ್ಯಾಲಿಂದು, ಮುಂದಿಂದು ಯಾವುದು ಅದನ್ನ ಹಿಡೀರಿ. ಗಾಳಿ ಆಯಿಲ್‌ನ ಹಿಂದಕ ದಬ್ಬತದ, ಕೆಳಗ ಹನಿ ಬಿದ್ದಲ್ಲಿ ತಪ್ಪು ಇರೂದು ಕಮ್ಮಿ.

ಬ್ಯಾಂಜೊ ಸೋರಿದ್ರ ತಾಮ್ರದ ವಾಷರ್ ಕೆಂಪಗ ಕಾಸಿ ನೀರಿನಾಗ ಅದ್ದಿ ಹಾಕ್ರಿ, ಮೆತ್ತಗಾಗಿ ಕೂಡತದ. ಗ್ಯಾಸ್ಕೆಟಿಗೆ ಸಿಲಿಕೋನ್ ಬಳೀಬ್ಯಾಡ್ರಿ. ಒಳಗ ಹಿಂಡಿದ ಚೂರು ಹರದು ಆಯಿಲ್ ತೂತು ಮುಚ್ಚತಾವ. ಕವರ್‌ನ ಗಾಜಿನ ಮ್ಯಾಲ ಎಮರಿ ಪೇಪರ್ ಇಟ್ಟು ಸಪಾಟ ಮಾಡಿದ್ರ ಪೇಪರ್ ಗ್ಯಾಸ್ಕೆಟ್ಟೇ ಸಾಕು. ಹಳೇ ಇಂಜಿನ್ನಿನ ಥ್ರೆಡ್ ಮೆಟ್ರಿಕ್ ಅಲ್ಲ, ಮೆಟ್ರಿಕ್ ಬೋಲ್ಟ್ ಬಲವಂತಕ್ಕ ತಿರುವಿದ್ರ ಅಲ್ಯೂಮಿನಿಯಂ ಕೇಸ್ ಕೆಡ್ತದ.

ಮರುಪ್ರಶ್ನೆ (ಬಳ್ಳಾರಿ)

ಡಿಸ್ಕ್ ತಿಕ್ಕಿದ ಮೇಲೆ ಹಳೇ ಸ್ಪ್ರಿಂಗೇ ಹಾಕಬಹುದಾ?

ಉತ್ತರ (ಕೊಪ್ಪಳ)

ಹೊಸದು ಹಾಕ್ರಿ. ಡಿಸ್ಕನ್ನ ಸೀಟಿಗೆ ಒತ್ತಿ ಹಿಡಿಯೂದು ಆ ಸ್ಪ್ರಿಂಗ್, ಅದು ಸೋತಿದ್ರ ತಿಕ್ಕಿದ್ದೂ ದಂಡ. ಆಯಿಲ್ ಕಳಸೂ ಪಂಪ್, ವಾಪಸ್ ಎಳಿಯೂ ಪಂಪ್, ಎರಡಕ್ಕೂ ಬದಲಿಸ್ರಿ.