ಪದಚರ್ಚೆ: ಪಿಸ್ತೂಲಿನ ‘ಕುದುರೆ’ ಅಂದರೆ ಹ್ಯಾಮರೋ, ಟ್ರಿಗರೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸೇನೆ ಬಳಸಿದ ಎಂ1911 ಪಿಸ್ತೂಲಿನ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಬಂದೂಕಿನ ‘ಕುದುರೆ’ ಅನ್ನುವ ಹಳೆಯ ಮಾತು ನಮ್ಮಲ್ಲಿದೆ. ಅದು ಬೆರಳಿನಿಂದ ಒತ್ತುವ ಟ್ರಿಗರೋ, ಹಿಂದಿನಿಂದ ಬಂದು ಬಡಿಯುವ ಹ್ಯಾಮರೋ? ಎರಡು ಅರ್ಥದಲ್ಲೂ ಜನ ಬಳಸುತ್ತಾರೆ.

ಕತೆಯಲ್ಲಾದರೆ ‘ಕುದುರೆ ಎಳೆದ, ಗುಂಡು ಹಾರಿತು’ ಅಂದರೆ ಸಾಕು. ಇಲ್ಲಿ ಸಾಲದು. ಈ ಪಿಸ್ತೂಲು ಸಿಂಗಲ್ ಆಕ್ಷನ್. ಟ್ರಿಗರ್‌ಗೆ ಇರುವುದು ಒಂದೇ ಕೆಲಸ, ಹಿಂದಕ್ಕೆ ಬಾಗಿ ನಿಂತ ಹ್ಯಾಮರನ್ನು ಬಿಡುವುದು. ಹ್ಯಾಮರ್ ಏರಿಲ್ಲದಿದ್ದರೆ ಎಷ್ಟು ಒತ್ತಿದರೂ ಗುಂಡು ಹಾರದು. ಮೊದಲ ಸಲ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗವನ್ನು, ಕೈಯಿಂದ ಎಳೆದು ಬಿಡಬೇಕು. ಆಮೇಲೆ ಆ ಕೆಲಸವನ್ನು ಗುಂಡಿನ ಒದೆತವೇ ಮಾಡುತ್ತದೆ. ಗುಂಡು ಹಾರಿದ ಕೂಡಲೇ ನಳಿಗೆ ಮತ್ತು ಸ್ಲೈಡ್ ಕಚ್ಚಿಕೊಂಡೇ ಸ್ವಲ್ಪ ಹಿಂದೆ ಸರಿಯುತ್ತವೆ. ನಳಿಗೆಯ ಕೆಳಗಿರುವ ಪುಟ್ಟ ಕೊಂಡಿ ಅದರ ಹಿಂಭಾಗವನ್ನು ಕೆಳಕ್ಕೆಳೆದು ಬಿಡಿಸುತ್ತದೆ. ಸ್ಲೈಡ್ ಮಾತ್ರ ಇನ್ನೂ ಹಿಂದೆ ಹೋಗಿ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ, ಹ್ಯಾಮರನ್ನು ಏರಿಸುತ್ತದೆ. ಸ್ಪ್ರಿಂಗಿನ ಬಲದಿಂದ ವಾಪಸ್ ಬರುವಾಗ, ತೋಟೆ ತುಂಬಿಡುವ ಮ್ಯಾಗಜೀನಿನಿಂದ ಮುಂದಿನ ತೋಟೆಯನ್ನು ತಳ್ಳಿಕೊಂಡು ಬರುತ್ತದೆ. ಇದನ್ನು ವಿನ್ಯಾಸ ಮಾಡಿದ ಜಾನ್ ಬ್ರೌನಿಂಗ್ ಅವರ ಈ ಜಾಣತನ ನನಗೆ ತುಂಬಾ ಇಷ್ಟ. ಇವತ್ತಿನ ಎಷ್ಟೋ ಪಿಸ್ತೂಲುಗಳಲ್ಲಿ ನಳಿಗೆ ಹೀಗೇ ಕೆಳಗೆ ವಾಲಿ ಬಿಡಿಸಿಕೊಳ್ಳುತ್ತದೆ.

ತೊಡಕು ಜಾಸ್ತಿಯಾಗುವುದು ಇದರ ಇತಿಹಾಸ ಹೇಳುವಾಗ. 1911ರ ಮಾರ್ಚ್‌ನಲ್ಲಿ ಸೇನೆ ಇದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದ ಅನುಭವದ ಮೇಲೆ 1920ರ ದಶಕದಲ್ಲಿ ಕೆಲವು ಭಾಗಗಳನ್ನು ತಿದ್ದಿದರು. ಬೆರಳು ಸುಲಭವಾಗಿ ಎಟುಕಲಿ ಅಂತ ಟ್ರಿಗರನ್ನು ಗಿಡ್ಡ ಮಾಡಿದರು. ಹ್ಯಾಮರ್ ಹೆಬ್ಬೆರಳ ಬುಡದ ಚರ್ಮವನ್ನು ಕಚ್ಚದಿರಲಿ ಅಂತ ಹಿಡಿಯ ಹಿಂದಿನ ಸೇಫ್ಟಿಯ (ತಪ್ಪಿ ಗುಂಡು ಹಾರದಂತೆ ತಡೆಯುವ ಭಾಗ) ತುದಿಯನ್ನು ಉದ್ದ ಮಾಡಿದರು. ಹೀಗೆ ಬಂದದ್ದು ಎಂ1911ಎ1. ಎರಡು ಭಾಗಕ್ಕೂ ‘ಕುದುರೆ’ ಅಂದರೆ ಈ ವಾಕ್ಯಗಳನ್ನು ಬರೆಯಲಿಕ್ಕೇ ಆಗುವುದಿಲ್ಲ, ಅಲ್ವಾ? 1985ರಲ್ಲಿ ಇದರ ಜಾಗಕ್ಕೆ ಬಂದ ಬೆರೆಟಾ ಎಂ9ರಲ್ಲಂತೂ ಮೊದಲ ಗುಂಡಿಗೆ ಟ್ರಿಗರ್ ಒತ್ತಿದರೆ ಸಾಕು, ಹ್ಯಾಮರ್ ತಾನೇ ಏರಿ ಬೀಳುತ್ತದೆ. ಈ ವ್ಯತ್ಯಾಸ ಹೇಳಲು ಎರಡು ಪದ ಬೇಕೇ ಬೇಕು.

ನನ್ನ ಒಲವು ಹ್ಯಾಮರ್ ಕಡೆಗೆ. ಹಳೆಯ ಚಕಮಕಿ ಬಂದೂಕಿನಲ್ಲಿ ಕಲ್ಲನ್ನು ಕಚ್ಚಿಕೊಂಡ ಭಾಗವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕಿತ್ತು. ‘ಕುದುರೆ ಎಳೆ’ ಅನ್ನುವುದು ಅದಕ್ಕೇ ಚೆನ್ನಾಗಿ ಹೊಂದುತ್ತದೆ. ಟ್ರಿಗರ್ ಟ್ರಿಗರ್ ಆಗಿಯೇ ಇರಲಿ, ಎಲ್ಲರಿಗೂ ಗೊತ್ತು. ಆದರೆ ಒಂದು ಜಾಗದಲ್ಲಿ ಅಳುಕಿದೆ. ಹೆಬ್ಬೆರಳಿನ ಸೇಫ್ಟಿ ಸೇರಿದ್ದು ಅಶ್ವದಳದ ಒತ್ತಾಯದಿಂದ. ಲಗಾಮು ಹಿಡಿದ ಸವಾರ ಒಂದೇ ಕೈಯಲ್ಲಿ ಪಿಸ್ತೂಲನ್ನು ಅಪಾಯವಿಲ್ಲದೆ ಚೀಲಕ್ಕೆ ಸೇರಿಸಬೇಕಿತ್ತು. ಅಲ್ಲಿ ‘ಕುದುರೆ ಏರಿಸಿ’ ಅಂತ ಬರೆದರೆ ಓದುವವರು ಯಾವ ಕುದುರೆ ಅಂತ ತಿಳಿಯಬೇಕು? ಆ ಪ್ಯಾರಾದಲ್ಲಿ ಮಾತ್ರ ‘ಹ್ಯಾಮರ್’ ಅನ್ನಲೋ, ಇಡೀ ಲೇಖನದಲ್ಲೇ ಅದನ್ನೇ ಇಟ್ಟುಕೊಳ್ಳಲೋ?

ಇನ್ನೊಂದು ಸಣ್ಣ ಸಂಗತಿ. ಇದರ ಪಾಯಿಂಟ್ 45 ತೋಟೆಯ ಹೆಸರಿನಲ್ಲೇ ‘ಆಟೊಮ್ಯಾಟಿಕ್’ ಇದೆ. ಆದರೆ ಒಂದು ಸಲ ಒತ್ತಿದರೆ ಒಂದೇ ಗುಂಡು. ‘ಸ್ವಯಂಚಾಲಿತ’ ಅಂದರೆ ಮಷಿನ್ ಗನ್ ಅಂದುಕೊಳ್ಳುತ್ತಾರೆ. ‘ತಾನೇ ತುಂಬಿಕೊಳ್ಳುವ ಪಿಸ್ತೂಲು’ ಅನ್ನೋಣ ಅಂತಿದ್ದೇನೆ.

ಬಂದೂಕು ಹಿಡಿದು ಪಳಗಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ನಿಮ್ಮ ಮಾತಿನಲ್ಲಿ ಕುದುರೆ ಯಾವುದು? ಟ್ರಿಗರ್‌ಗೆ ಬೇರೆ ಹೆಸರು ಇದೆಯೇ?