ಬಿ.ಫಾರ್ಮ ಆದಮೇಲೆ ಹೊಸ ಔಷಧಿ ಹುಡುಕುವ ಕೆಲಸಕ್ಕೆ ಹೋಗೋದು ಹೇಗೆ?

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಬಿ.ಫಾರ್ಮ ಮೂರನೇ ವರ್ಷ. ಊರು ಸಿಂಧನೂರಿನ ಹತ್ತಿರ. ಮನೆಯಲ್ಲಿ ಮೆಡಿಕಲ್ ಶಾಪ್ ಹಾಕು ಅಂತಾರೆ. ನನಗೆ ಹೊಸ ಔಷಧಿ ಕಂಡುಹಿಡಿಯುವ ಕೆಲಸದ ಆಸೆ. ಇಲ್ಲೇ ಬಲ್ಕ್ ಡ್ರಗ್ (ಮಾತ್ರೆಗೆ ಬೇಕಾದ ಮೂಲ ಔಷಧಿ ವಸ್ತು) ತಯಾರಿಸುವ ಕಂಪನಿ ಸೇರಿ, ಆಮೇಲೆ ಆ ಕಡೆ ಹೋಗಬಹುದಾ?

ಉತ್ತರ (ಮೆಡಿಸಿನಲ್ ಕೆಮಿಸ್ಟ್, ಹೈದರಾಬಾದ್, ಊರು ಗಂಗಾವತಿ): ತಮ್ಮಾ, ಆರ್ ಅಂಡ್ ಡಿ (ಸಂಶೋಧನೆ ಮತ್ತು ಅಭಿವೃದ್ಧಿ) ಅಂತ ಬೋರ್ಡ್ ಇರುವ ಕಡೆಯೆಲ್ಲ ಹೊಸ ಔಷಧಿ ಹುಡುಕುವುದಿಲ್ಲ. ನಮ್ಮ ದೇಶದಲ್ಲಿ ಜಾಸ್ತಿ ನಡೆಯುವುದು ಜೆನೆರಿಕ್ ಕೆಲಸ. ಪೇಟೆಂಟ್ ಮುಗಿದ ಔಷಧಿಯನ್ನು ಅಗ್ಗವಾಗಿ, ಶುದ್ಧವಾಗಿ ತಯಾರಿಸುವ ದಾರಿ ಹುಡುಕುತ್ತಾರೆ. ನಿಮ್ಮ ರಾಯಚೂರಿನ ಶಿಲ್ಪಾ ಮೆಡಿಕೇರ್ ಹೆಸರು ಮಾಡಿದ್ದು ಕ್ಯಾನ್ಸರ್ ಔಷಧಿಗಳ ಬಲ್ಕ್ ಡ್ರಗ್‌ನಲ್ಲಿ. ಅದೇನು ಸುಲಭದ ಕೆಲಸವಲ್ಲ. ಆದರೆ ಅಲ್ಲಿ ಅಣು ಮೊದಲೇ ಗೊತ್ತಿರುತ್ತದೆ. ಹೊಸ ಔಷಧಿ ಹುಡುಕುವ, ಅಂದರೆ ಡಿಸ್ಕವರಿಯ, ನಮ್ಮ ಕೆಲಸದಲ್ಲಿ ಅದೇ ಗೊತ್ತಿರುವುದಿಲ್ಲ.

ರೋಗದಲ್ಲಿ ಯಾವ ಪ್ರೋಟೀನನ್ನು ತಡೆಯಬೇಕು ಅಂತ ಬಯಾಲಜಿಯವರು ಹೇಳುತ್ತಾರೆ. ಅದಕ್ಕೆ ಅಂಟುವ ಅಣುವನ್ನು ನಾವು ಮಾಡಿ ಕೊಡುತ್ತೇವೆ. ಚೆನ್ನಾಗಿ ಅಂಟುತ್ತದೆ, ಆದರೆ ನೀರಲ್ಲಿ ಕರಗಲ್ಲ. ಕರಗುವ ಹಾಗೆ ಬದಲಿಸಿದರೆ ಲಿವರ್ ಬೇಗ ಒಡೆದು ಹಾಕುತ್ತದೆ. ಅದನ್ನು ಸರಿಮಾಡಿದರೆ ಹೃದಯದ ಬಡಿತ ಕೆಡಿಸುವ ಗುಣ ಕಾಣಿಸಿಕೊಳ್ಳುತ್ತದೆ. ಮತ್ತೆ ಮೊದಲಿಂದ. ಮಾರುಕಟ್ಟೆ ಮುಟ್ಟಲು 10ರಿಂದ 15 ವರ್ಷ. ಮನುಷ್ಯರ ಮೇಲಿನ ಪರೀಕ್ಷೆಗೆ ಹೋದ ಹತ್ತರಲ್ಲಿ ಸುಮಾರು ಒಂಬತ್ತು ಅಲ್ಲೇ ಬಿದ್ದುಹೋಗುತ್ತವೆ. ಭಾರತದ ಕಂಪನಿಯೇ ಕಂಡುಹಿಡಿದು ಕೊನೆತನಕ ತಂದ ಔಷಧಿಗೆ ಉದಾಹರಣೆ ಬೇಕಂದರೆ ಝೈಡಸ್‌ನ ಸಾರೊಗ್ಲಿಟಜಾರ್. ಅದಕ್ಕೆ ಇಲ್ಲಿ ಅನುಮತಿ ಸಿಕ್ಕಿದ್ದು 2013ರಲ್ಲಿ. ಇಷ್ಟು ತಾಳ್ಮೆ ಇದ್ದರೆ ಬಾ. ಊರಲ್ಲಿ ನನ್ನನ್ನು ಇವತ್ತಿಗೂ 'ಗುಳಿಗಿ ಕಂಪನಿಯವ' ಅಂತಲೇ ಅನ್ನುತ್ತಾರೆ, ಅದನ್ನೂ ತಡೆದುಕೊಳ್ಳಬೇಕು.

ನಿನಗೆ ದಾರಿ ಜಿಪ್ಯಾಟ್, ಅಂದರೆ ಎಂ.ಫಾರ್ಮ ಸೇರಲು ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಕೊನೆ ವರ್ಷದಲ್ಲೇ ಬರೆಯಬಹುದು. ಅದು ಪಾಸಾದರೆ ನೈಪರ್ (ಕೇಂದ್ರ ಸರ್ಕಾರದ ಫಾರ್ಮಸಿ ಶಿಕ್ಷಣ-ಸಂಶೋಧನಾ ಸಂಸ್ಥೆ) ಪ್ರವೇಶ ಪರೀಕ್ಷೆಗೂ ಅರ್ಹತೆ. ಹೈದರಾಬಾದಿನಲ್ಲೇ ಒಂದು ನೈಪರ್ ಇದೆ, ನಿಮಗೆ ಹತ್ತಿರ. ಮೆಡಿಸಿನಲ್ ಕೆಮಿಸ್ಟ್ರಿ (ಔಷಧಿಯ ಅಣು ರೂಪಿಸುವುದು) ಅಥವಾ ಫಾರ್ಮಕಾಲಜಿ (ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವುದು) ತಗೋ. ಮೊದಲು ಬಲ್ಕ್ ಡ್ರಗ್ ಪ್ರೊಡಕ್ಷನ್ ಸೇರಿ ಆಮೇಲೆ ಡಿಸ್ಕವರಿಗೆ ಬರೋದು ಕಷ್ಟ. ಎರಡೂ ಕಡೆ ಕೇಳುವ ಅನುಭವ ಬೇರೆ.

ಪ್ರಶ್ನೆ (ಬಳ್ಳಾರಿಯಿಂದ): ಅಣ್ಣಾ, ನನ್ನ ತಂಗಿ ಎಂಎಸ್ಸಿ ಆರ್ಗ್ಯಾನಿಕ್ ಕೆಮಿಸ್ಟ್ರಿ. ಫಾರ್ಮಸಿ ಓದದವರಿಗೆ ಇಲ್ಲಿ ಜಾಗ ಇಲ್ವಾ?

ಉತ್ತರ: ಅಕ್ಕಾ, ಅಣು ತಯಾರಿಸುವ ಸಿಂಥೆಸಿಸ್ ಲ್ಯಾಬಿನಲ್ಲಿ ಕೆಮಿಸ್ಟ್ರಿ ಓದಿದವರೇ ಜಾಸ್ತಿ! ಬೆಂಗಳೂರಿನ ಸಿಂಜೀನ್, ಹೈದರಾಬಾದಿನ ಅರಾಜೆನ್ ಥರದ ಕಂಪನಿಗಳು ಬೇರೆ ಕಂಪನಿಗಳಿಗಾಗಿ ಇದೇ ಕೆಲಸ ಮಾಡಿಕೊಡುತ್ತವೆ. ಇಂಟರ್‌ವ್ಯೂನಲ್ಲಿ ಪೆನ್ನು ಕೊಟ್ಟು ರಿಯಾಕ್ಷನ್ ಮೆಕ್ಯಾನಿಸಂ (ರಿಯಾಕ್ಷನ್ ಹಂತಹಂತವಾಗಿ ಹೇಗೆ ನಡೆಯುತ್ತದೆ ಅಂತ) ಬರೆಸುತ್ತಾರೆ, ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಗ್ರಾಫ್ ಓದಿಸುತ್ತಾರೆ. ಗೈಡ್ ನೋಡಿ ಬಾಯಿಪಾಠ ಮಾಡಿದ್ದರೆ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಸರ್, ಪಿಎಚ್‌ಡಿ ಮಾಡಲೇಬೇಕಾ?

ಉತ್ತರ: ಲ್ಯಾಬಿನಲ್ಲಿ ನಿಂತು ಅಣು ಮಾಡೋಕೆ ಬೇಡ. ಮುಂದೆ ಯಾವ ಅಣು ಮಾಡಬೇಕು ಅಂತ ತೀರ್ಮಾನ ಮಾಡುವ ಕುರ್ಚಿಗೆ ಸಾಮಾನ್ಯವಾಗಿ ಬೇಕು. ಎರಡು-ಮೂರು ವರ್ಷ ಕೆಲಸ ಮಾಡಿ, ಸೆಳೆತ ಉಳಿದಿದ್ದರೆ ಆಮೇಲೆ ಹೋಗು.